ಕೊಟ್ಟದ್ದು ತಲುಪಿತೇ? ವರ್ಡ್‌ಪ್ರೆಸ್‌ನ ವೇರಿಯಬಲ್, ಆರ್ಗ್ಯುಮೆಂಟ್ ವ್ಯವಸ್ಥೆಯ ವಿಮರ್ಶೆ

ಪುಸ್ತಕ ಮಾರುವ ಕನ್ನಡ ಜಾಲತಾಣ ಒಂದನ್ನು ತೆಗೆದುಕೊಳ್ಳಿ. ಮುಖಪುಟದಲ್ಲಿ ಹೊಸ ಪುಸ್ತಕಗಳ ಕಾರ್ಡು, ಲೇಖಕರ ಪುಟದಲ್ಲಿ ಅವರ ಪುಸ್ತಕಗಳ ಕಾರ್ಡು, ಹುಡುಕಾಟದ ಪುಟದಲ್ಲೂ ಅದೇ ಕಾರ್ಡು. ಕಾರ್ಡಿನ ಎಚ್‌ಟಿಎಂಎಲ್ ಒಂದೇ ಫೈಲಿನಲ್ಲಿರಬೇಕು. ಬೆಲೆ ಎಷ್ಟು, ಚಿತ್ರ ದೊಡ್ಡದೋ ಚಿಕ್ಕದೋ, ರಿಯಾಯಿತಿ ಇದೆಯೋ ಇಲ್ಲವೋ ಎಂಬುದನ್ನು ಕರೆಯುವ ಪುಟ ಹೇಳಿ ಕಳಿಸಬೇಕು. ಹೀಗೆ ಹೇಳಿ ಕಳಿಸುವ ಕೆಲಸವನ್ನು ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದು ಈ ವಿಮರ್ಶೆಯ ವಿಷಯ. 6ರ ಸರಣಿಯ ವರ್ಡ್‌ಪ್ರೆಸ್, ಅದನ್ನು ಬರೆದಿರುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿ 8 ಎರಡನ್ನೂ ಗಮನದಲ್ಲಿಟ್ಟು ಬರೆದದ್ದು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ವರ್ಡ್‌ಪ್ರೆಸ್ ಏನು ಕೊಟ್ಟರೂ ಕೈಚಾಚಿ ತೆಗೆದುಕೊಳ್ಳುತ್ತದೆ. ಗುರುತು ಹತ್ತದ್ದನ್ನು ಸದ್ದಿಲ್ಲದೆ ಪಕ್ಕಕ್ಕಿಡುತ್ತದೆ. ಹೊಸಬರಿಗೆ ಇದು ಸಲೀಸು. ಆದರೆ ತಪ್ಪು ಹುಡುಕಲು ಕೂತವರಿಗೆ ಇದರಷ್ಟು ಸಮಯ ತಿನ್ನುವುದು ಬೇರೊಂದಿಲ್ಲ, ಏಕೆಂದರೆ ಎಲ್ಲೂ ಎರರ್ ಬಂದಿರುವುದಿಲ್ಲ, ಪುಟದಲ್ಲಿ ಬೇಕಾದದ್ದು ಮಾತ್ರ ಕಾಣುತ್ತಿರುವುದಿಲ್ಲ.

ಟೆಂಪ್ಲೇಟಿಗೆ ಡೇಟಾ ಕಳಿಸುವುದು

2020ರ ಆಗಸ್ಟ್‌ನಲ್ಲಿ ಬಂದ 5.5 ಆವೃತ್ತಿಯವರೆಗೆ ಟೆಂಪ್ಲೇಟನ್ನು (ಪುಟದ ಅಚ್ಚಿನ ಫೈಲನ್ನು) ಕರೆಯುವ ಗೆಟ್_ಟೆಂಪ್ಲೇಟ್_ಪಾರ್ಟ್ ಎಂಬ ಫಂಕ್ಷನ್ನಿಗೆ ಎರಡೇ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಮಾಹಿತಿ): ಫೈಲಿನ ಸ್ಲಗ್ (ಮೂಲ ಹೆಸರು), ಅದರ ಉಪಹೆಸರು. ಡೇಟಾ ಸಾಗಿಸಲು ಸರಿಯಾದ ದಾರಿ ಇರಲಿಲ್ಲ. ಹಾಗಾಗಿ ಥೀಮ್ (ತಾಣದ ವಿನ್ಯಾಸ) ಬರೆಯುವವರು ಎಲ್ಲೆಡೆಯೂ ಸಿಗುವ ಗ್ಲೋಬಲ್ ವೇರಿಯಬಲ್ (ಮೌಲ್ಯ ಇಡುವ ಹೆಸರು) ಹಿಡಿದರು, ಇಲ್ಲವೇ ಸೆಟ್_ಕ್ವೆರಿ_ವಾರ್ ಬಳಸಿದರು. ಹಳೆಯ ಥೀಮುಗಳಲ್ಲಿ ಇದು ಇಂದಿಗೂ ಸಿಗುತ್ತದೆ. ಇದರ ತೊಂದರೆ ಏನೆಂದರೆ, ಒಮ್ಮೆ ಇಟ್ಟ ಮೌಲ್ಯ ಆ ಪುಟ ಪೂರ್ತಿಯಾಗುವವರೆಗೂ ಅಲ್ಲೇ ಕೂತಿರುತ್ತದೆ. ಪುಸ್ತಕಗಳನ್ನು ಒಂದೊಂದಾಗಿ ತೋರಿಸುವ ಲೂಪಿನ ಮೊದಲ ಪುಸ್ತಕಕ್ಕೆ 20 ಶೇಕಡ ರಿಯಾಯಿತಿ ಎಂದು ಇಟ್ಟು, ಎರಡನೆಯದಕ್ಕೆ ರಿಯಾಯಿತಿ ಇಲ್ಲವೆಂದು ಏನೂ ಇಡದೆ ಮುಂದೆ ಹೋದರೆ, ಎರಡನೆಯ ಕಾರ್ಡಿನ ಮೇಲೂ 20 ಶೇಕಡ ಎಂದೇ ಬರುತ್ತದೆ. ಮಾರಾಟದ ತಾಣದಲ್ಲಿ ಇದು ಸಣ್ಣ ತಪ್ಪಲ್ಲ.

5.5ರಲ್ಲಿ ಮೂರನೆಯ ಆರ್ಗ್ಯುಮೆಂಟ್ ಬಂತು. ಒಂದು ಅರೇ (ಹೆಸರು, ಮೌಲ್ಯಗಳ ಪಟ್ಟಿ) ಕೊಟ್ಟರೆ ಅದು ಟೆಂಪ್ಲೇಟಿನೊಳಗೆ $ಆರ್ಗ್ಸ್ ಎಂಬ ಹೆಸರಿನಲ್ಲಿ ಸಿಗುತ್ತದೆ:

ಗೆಟ್_ಟೆಂಪ್ಲೇಟ್_ಪಾರ್ಟ್( 'ಪಾರ್ಟ್ಸ್/ಕಾರ್ಡ್', ನಲ್, [ 'ಬೆಲೆ' => 180, 'ಚಿತ್ರ' => 'ದೊಡ್ಡದು' ] );

ಒಳಗೆ $ಆರ್ಗ್ಸ್['ಬೆಲೆ'] ಎಂದು ಓದಿಕೊಂಡರಾಯಿತು. ಆ ಫೈಲಿನ ಕೆಲಸ ಮುಗಿದ ಕೂಡಲೇ ಅದೂ ಮುಗಿಯಿತು. ಪಕ್ಕದ ಕಾರ್ಡಿಗೆ ಸೋರುವುದಿಲ್ಲ. ಹೆಡರ್, ಫೂಟರ್, ಸೈಡ್‌ಬಾರ್ ಕರೆಯುವ ಫಂಕ್ಷನ್‌ಗಳಿಗೂ ಅದೇ ಆವೃತ್ತಿಯಲ್ಲಿ ಇದೇ ಸೌಲಭ್ಯ ಸಿಕ್ಕಿತು. ಇಡೀ ವ್ಯವಸ್ಥೆಯಲ್ಲಿ ನಮಗೆ ಅತಿ ಹೆಚ್ಚು ಹಿಡಿಸಿದ ಭಾಗ ಇದು. ಹಳೆಯ ಥೀಮಿನಲ್ಲಿ ಸೆಟ್_ಕ್ವೆರಿ_ವಾರ್ ಕಂಡರೆ ಬದಲಾಯಿಸಿ, ಯೋಚಿಸಬೇಡಿ.

ಆದರೆ ಮೇಲಿನ ಸಾಲಿನ ನಡುವೆ ಇರುವ ಆ 'ನಲ್' (ಏನೂ ಇಲ್ಲ ಎಂಬ ಗುರುತು) ಮೇಲೆ ಕಣ್ಣಿಡಿ. ಉಪಹೆಸರು ಬೇಡವೆಂದು ಅದನ್ನು ಬಿಟ್ಟು ಅರೇಯನ್ನು ನೇರವಾಗಿ ಎರಡನೆಯ ಜಾಗದಲ್ಲಿ ಕೊಟ್ಟರೆ, ವರ್ಡ್‌ಪ್ರೆಸ್ ಅದನ್ನು ಸ್ಟ್ರಿಂಗ್ (ಪಠ್ಯ) ಆಗಿ ಪರಿವರ್ತಿಸುತ್ತದೆ. ಪಿಎಚ್‌ಪಿಯಲ್ಲಿ ಅರೇ ಸ್ಟ್ರಿಂಗ್ ಆದರೆ ಉಳಿಯುವುದು 'ಅರೇ' ಎಂಬ ಒಂದು ಪದ ಮಾತ್ರ. ಆಗ ಅದು 'ಕಾರ್ಡ್-ಅರೇ' ಎಂಬ ಫೈಲ್ ಹುಡುಕುತ್ತದೆ, ಸಿಗುವುದಿಲ್ಲ, 'ಕಾರ್ಡ್' ಫೈಲಿಗೆ ಮರಳುತ್ತದೆ. ಕಾರ್ಡ್ ತೆರೆಯುತ್ತದೆ, ಒಳಗೆ $ಆರ್ಗ್ಸ್ ಖಾಲಿ. ಡಿಬಗ್ (ತಪ್ಪು ತೋರಿಸುವ ವ್ಯವಸ್ಥೆ) ಆಫ್ ಮಾಡಿಟ್ಟ ತಾಣದಲ್ಲಿ ಒಂದು ವಾರ್ನಿಂಗ್ ಕೂಡ ಕಣ್ಣಿಗೆ ಬೀಳುವುದಿಲ್ಲ. ಕಾರ್ಡ್ ಬಂದಿದೆ, ಬೆಲೆ ಬಂದಿಲ್ಲ ಎನ್ನುವಾಗ ಮೊದಲು ನೋಡಬೇಕಾದ ಜಾಗ ಇದು.

ಫೈಲೇ ಸಿಗದಿದ್ದರೆ? ಫಂಕ್ಷನ್ ಫಾಲ್ಸ್ (ಇಲ್ಲ ಎಂಬ ಉತ್ತರ) ಹಿಂದಿರುಗಿಸಿ ಸುಮ್ಮನಾಗುತ್ತದೆ. ಅದೂ 5.5ರಿಂದ, ಅದಕ್ಕೆ ಮೊದಲು ಅಷ್ಟೂ ಇರಲಿಲ್ಲ. ವಿಂಡೋಸ್ ಗಣಕದಲ್ಲಿ ಫೈಲಿನ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂದು ಎಣಿಸುವುದಿಲ್ಲ, ಲಿನಕ್ಸ್ ಸರ್ವರಿನಲ್ಲಿ ಎಣಿಸುತ್ತದೆ. ಹಾಗಾಗಿ ಮನೆಯಲ್ಲಿ ಕಂಡ ಕಾರ್ಡು ಸರ್ವರಿಗೆ ಏರಿಸಿದ ಮೇಲೆ ಮಾಯವಾಗುತ್ತದೆ. ಫೈಲಿನ ಹೆಸರುಗಳನ್ನೆಲ್ಲ ಚಿಕ್ಕಕ್ಷರದಲ್ಲೇ ಇಡುವುದು ಒಳ್ಳೆಯದು.

ಕರೆಯದೆ ಬಂದ ವೇರಿಯಬಲ್‌ಗಳು

ಟೆಂಪ್ಲೇಟ್ ಫೈಲಿನೊಳಗೆ ನೀವು ಕಳಿಸಿದ $ಆರ್ಗ್ಸ್ ಮಾತ್ರ ಇರುತ್ತದೆ ಎಂದುಕೊಂಡರೆ ತಪ್ಪು. ಫೈಲನ್ನು ತೆರೆಯುವ ಲೋಡ್_ಟೆಂಪ್ಲೇಟ್ ಫಂಕ್ಷನ್ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, $ಪೋಸ್ಟ್, $ಐಡಿ, $ಕಾಮೆಂಟ್ ಮುಂತಾದ ಹಲವು ಹೆಸರುಗಳನ್ನು ಗ್ಲೋಬಲ್ ಎಂದು ಘೋಷಿಸುತ್ತದೆ. ಎರಡನೆಯದು, ಆ ಪುಟದ ಮುಖ್ಯ ಕ್ವೆರಿಯ (ಡೇಟಾಬೇಸಿಗೆ ಕೇಳುವ ಪ್ರಶ್ನೆಯ) ಎಲ್ಲ ವೇರಿಯಬಲ್‌ಗಳನ್ನೂ ಎಕ್ಸ್‌ಟ್ರಾಕ್ಟ್ ಮಾಡಿ ಬಿಡಿಬಿಡಿಯಾಗಿ ಹರಡುತ್ತದೆ. ಸೆಟ್_ಕ್ವೆರಿ_ವಾರ್ ಕೆಲಸ ಮಾಡುವುದೂ ಇದರಿಂದಲೇ.

ಪರಿಣಾಮ ಏನು? ಟೆಂಪ್ಲೇಟಿನೊಳಗೆ $ಐಡಿ ಎಂದು ನಿಮ್ಮದೇ ಒಂದು ವೇರಿಯಬಲ್ ಮಾಡಿ ಮೌಲ್ಯ ಇಟ್ಟರೆ, ನೀವು ಬದಲಾಯಿಸಿದ್ದು ಇಡೀ ತಾಣದ ಗ್ಲೋಬಲ್ ವೇರಿಯಬಲ್ಲನ್ನು. ಫೋರ್‌ಈಚ್ ಲೂಪಿನಲ್ಲಿ $ಪೋಸ್ಟ್ ಎಂಬ ಹೆಸರು ಬಳಸಿದರೆ, ಲೂಪ್ ಮುಗಿದ ಮೇಲೆ ಪುಟದ ಕೆಳಗಿರುವ ಕಾಮೆಂಟ್ ಪೆಟ್ಟಿಗೆ ಬೇರೆ ಯಾವುದೋ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಆ ಹೆಸರೇ ಬೇಕೆಂದರೆ ಲೂಪಿನ ಕೊನೆಗೆ ಡಬ್ಲ್ಯುಪಿ_ರೀಸೆಟ್_ಪೋಸ್ಟ್‌ಡೇಟಾ ಕರೆಯಲೇಬೇಕು.

ಎಕ್ಸ್‌ಟ್ರಾಕ್ಟ್‌ನ ಕಾಟ ಇನ್ನೂ ಸೂಕ್ಷ್ಮ. ಮುಖ್ಯ ಕ್ವೆರಿಯಲ್ಲಿ ಟೈಟಲ್, ನೇಮ್, ಆಥರ್, ಇಯರ್ ಎಂಬ ಹೆಸರುಗಳಿವೆ. ಯಾರೂ ಮೌಲ್ಯ ಕೊಡದಿದ್ದಾಗ ಟೈಟಲ್ ಖಾಲಿ ಸ್ಟ್ರಿಂಗ್ ಆಗಿ ತುಂಬಿರುತ್ತದೆ. ಹಾಗಾಗಿ ಟೆಂಪ್ಲೇಟಿನಲ್ಲಿ $ಟೈಟಲ್ ?? 'ಹೆಸರಿಲ್ಲದ ಪುಸ್ತಕ' ಎಂದು ಬರೆದರೆ ಆ ಬದಲಿ ಪದ ಎಂದೂ ಬರುವುದಿಲ್ಲ. ಎರಡು ಪ್ರಶ್ನಾರ್ಥಕದ ಆಪರೇಟರ್ ನೋಡುವುದು ನಲ್ ಹೌದೋ ಅಲ್ಲವೋ ಎಂದು. ಖಾಲಿ ಸ್ಟ್ರಿಂಗ್ ನಲ್ ಅಲ್ಲ. ಶೀರ್ಷಿಕೆಯ ಜಾಗದಲ್ಲಿ ಬರೀ ಬಿಳಿ. $ಆರ್ಗ್ಸ್‌ನಿಂದ ಬೇಕಾದ್ದನ್ನು $ಪುಸ್ತಕ_ಹೆಸರು, $ಪುಸ್ತಕ_ಬೆಲೆ ಎಂದು ಮುನ್ನಂಟು ಇಟ್ಟ ಹೆಸರುಗಳಿಗೆ ಇಳಿಸಿಕೊಂಡರೆ ಈ ಗೋಜಲು ಹತ್ತಿರ ಸುಳಿಯುವುದಿಲ್ಲ.

ಡೀಫಾಲ್ಟ್ ಮೌಲ್ಯಗಳು

ಕಳಿಸದೇ ಇದ್ದ ಕೀ (ಅರೇಯೊಳಗಿನ ಹೆಸರು) ಓದಿದರೆ ಪಿಎಚ್‌ಪಿ 8 ವಾರ್ನಿಂಗ್ ಕೊಡುತ್ತದೆ. ಏನೂ ಕಳಿಸದಿದ್ದಾಗ ಬರಬೇಕಾದ ಮೌಲ್ಯ, ಅಂದರೆ ಡೀಫಾಲ್ಟ್, ತುಂಬಲು ವರ್ಡ್‌ಪ್ರೆಸ್ ಕೊಟ್ಟಿರುವ ಉಪಕರಣ ಡಬ್ಲ್ಯುಪಿ_ಪಾರ್ಸ್_ಆರ್ಗ್ಸ್. ಟೆಂಪ್ಲೇಟಿನ ಮೊದಲ ಸಾಲಿನಲ್ಲೇ ಇದಿರಲಿ:

$ಆರ್ಗ್ಸ್ = ಡಬ್ಲ್ಯುಪಿ_ಪಾರ್ಸ್_ಆರ್ಗ್ಸ್( $ಆರ್ಗ್ಸ್, [ 'ಬೆಲೆ' => 0, 'ಚಿತ್ರ' => 'ಚಿಕ್ಕದು' ] );

ಮೊದಲು ಬಂದದ್ದು, ಆಮೇಲೆ ಡೀಫಾಲ್ಟ್. ಇದು ಅದಲುಬದಲಾದರೆ ಏನೇ ಕಳಿಸಿದರೂ ಚಿಕ್ಕ ಚಿತ್ರವೇ ಬರುತ್ತದೆ, ಮತ್ತೆ ಎರರ್ ಇಲ್ಲ. ಇನ್ನೆರಡು ಮಿತಿಗಳಿವೆ. ಇದರ ಜೋಡಣೆ ಮೇಲಿನ ಒಂದು ಹಂತಕ್ಕೆ ಮಾತ್ರ. 'ಚಿತ್ರ' ಎಂಬುದೇ ಅಗಲ, ಎತ್ತರ ಇರುವ ಒಳಗಿನ ಅರೇ ಆಗಿದ್ದು, ಕರೆಯುವವರು ಅಗಲ ಮಾತ್ರ ಕೊಟ್ಟರೆ, ಡೀಫಾಲ್ಟ್ ಎತ್ತರ ಸಮೇತ ಒಳಗಿನ ಅರೇ ಪೂರ್ತಿ ಅಳಿದುಹೋಗುತ್ತದೆ. ಇನ್ನೊಂದು, ಯಾರಾದರೂ 'ಬೆಲೆ' => ನಲ್ ಎಂದು ಕಳಿಸಿದರೆ ಆ ನಲ್ಲೇ ಗೆಲ್ಲುತ್ತದೆ, ಡೀಫಾಲ್ಟ್ ಅಲ್ಲ. ಪುಸ್ತಕದ ಬೆಲೆಯನ್ನು ಡೇಟಾಬೇಸಿನಿಂದ ತಂದು ಹಾಗೆಯೇ ರವಾನಿಸುವ ಕೋಡಿನಲ್ಲಿ ಇದು ಸಾಮಾನ್ಯ.

ಲೇಖನದೊಳಗೆ ಚೌಕ ಆವರಣದಲ್ಲಿ ಬರೆಯುವ ಶಾರ್ಟ್‌ಕೋಡಿಗೆ ಬಳಸುವ ಶಾರ್ಟ್‌ಕೋಡ್_ಆಟ್ಸ್ ಇದರ ತಮ್ಮನಂತಿದ್ದರೂ ಸ್ವಭಾವ ಬೇರೆ. ಡೀಫಾಲ್ಟ್ ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಅದು ಎಸೆದುಬಿಡುತ್ತದೆ. ಬಂದದ್ದೆಲ್ಲವೂ ಸ್ಟ್ರಿಂಗ್, ಲೇಖನದಲ್ಲಿ ಫಾಲ್ಸ್ ಎಂದು ಬರೆದರೂ ಅದು ಖಾಲಿಯಲ್ಲದ ಸ್ಟ್ರಿಂಗ್ ಆದ್ದರಿಂದ ಪಿಎಚ್‌ಪಿಗೆ ನಿಜವೇ. ಡಬ್ಲ್ಯುಪಿ_ವ್ಯಾಲಿಡೇಟ್_ಬೂಲಿಯನ್ ಮೂಲಕ ಹಾಯಿಸಿ. ಕನ್ನಡದವರು ಗಮನಿಸಬೇಕಾದ ವಿಷಯ ಇನ್ನೊಂದಿದೆ: ಆಟ್ರಿಬ್ಯೂಟಿನ (ಶಾರ್ಟ್‌ಕೋಡಿಗೆ ಕೊಡುವ ಮಾಹಿತಿಯ) ಮೌಲ್ಯ ಕನ್ನಡದಲ್ಲಿರಬಹುದು, ಹೆಸರು ಕನ್ನಡದಲ್ಲಿರುವಂತಿಲ್ಲ. ಹೆಸರು ಗುರುತಿಸುವ ನಿಯಮ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ, ಅಡ್ಡಗೆರೆಗಳನ್ನು ಮಾತ್ರ ಒಪ್ಪುತ್ತದೆ. ಬೆಲೆ="150" ಎಂದು ಬರೆದರೆ ಅದು ಹೆಸರಿಲ್ಲದ ಒಂದು ತುಣುಕಾಗಿ ಬಂದು ಬೀಳುತ್ತದೆ. ವಾಟ್ಸಾಪಿನಿಂದಲೋ ವರ್ಡ್ ಫೈಲಿನಿಂದಲೋ ನಕಲು ಮಾಡಿದ ಡೊಂಕು ಉದ್ಧರಣ ಚಿಹ್ನೆಗಳೂ ಹೀಗೆಯೇ ಕೈಕೊಡುತ್ತವೆ: ಅವು ಗಡಿಯಾಗುವ ಬದಲು ಮೌಲ್ಯದ ಭಾಗವೇ ಆಗಿಬಿಡುತ್ತವೆ. ಶಾರ್ಟ್‌ಕೋಡ್ ಫಂಕ್ಷನ್ ಎಕೋ ಮಾಡಬಾರದು (ನೇರವಾಗಿ ಮುದ್ರಿಸಬಾರದು), ರಿಟರ್ನ್ ಮಾಡಬೇಕು (ಹಿಂದಿರುಗಿಸಬೇಕು). ಇಲ್ಲದಿದ್ದರೆ ಕಾರ್ಡು ಲೇಖನದ ನೆತ್ತಿಯ ಮೇಲೆ ಹೋಗಿ ಕೂರುತ್ತದೆ.

ಕ್ವೆರಿಯ ಮೌನ

ಸದ್ದಿಲ್ಲದೆ ಬಿಟ್ಟುಬಿಡುವ ಗುಣ ಅತಿ ದುಬಾರಿಯಾಗುವುದು ಪೋಸ್ಟುಗಳನ್ನು ಹುಡುಕಿ ತರುವ ಡಬ್ಲ್ಯುಪಿ_ಕ್ವೆರಿಯಲ್ಲಿ. ಗೆಟ್_ಪೋಸ್ಟ್ಸ್ ಎಂಬ ಫಂಕ್ಷನ್ನಿಗೆ 'ಕ್ಯಾಟಗರಿ', 'ನಂಬರ್‌ಪೋಸ್ಟ್ಸ್' ಎಂಬ ಕೀಗಳು ಗೊತ್ತು. ಅದು ಒಳಗೊಳಗೇ ಅವನ್ನು 'ಕ್ಯಾಟ್', 'ಪೋಸ್ಟ್ಸ್_ಪರ್_ಪೇಜ್' ಎಂದು ಬದಲಿಸಿಕೊಂಡು ಡಬ್ಲ್ಯುಪಿ_ಕ್ವೆರಿಗೆ ದಾಟಿಸುತ್ತದೆ. ಅದೇ ಅರೇಯನ್ನು ನಕಲು ಮಾಡಿ ನೇರವಾಗಿ ಡಬ್ಲ್ಯುಪಿ_ಕ್ವೆರಿಗೆ ಕೊಟ್ಟರೆ ಎರಡೂ ಕೀಗಳು ಅದಕ್ಕೆ ಅಪರಿಚಿತ. ಕಾದಂಬರಿಗಳಷ್ಟೇ ಬರಬೇಕಾದಲ್ಲಿ ಎಲ್ಲ ವಿಭಾಗದ ಪೋಸ್ಟುಗಳೂ ಬರುತ್ತವೆ. ಸಂಖ್ಯೆಯೂ ಬದಲಾಗುತ್ತದೆ: ಗೆಟ್_ಪೋಸ್ಟ್ಸ್‌ನ ಡೀಫಾಲ್ಟ್ 5, ಡಬ್ಲ್ಯುಪಿ_ಕ್ವೆರಿಯದು ತಾಣದ ಸೆಟ್ಟಿಂಗ್ಸ್‌ನಲ್ಲಿ ಇಟ್ಟಷ್ಟು, ಹೊಸ ತಾಣದಲ್ಲಿ 10. 'ಕ್ಯಾಟಗರಿ_ನೇಮ್' ಎಂಬ ಇನ್ನೊಂದು ಕೀ ಇದೆ. ಹೆಸರು ನೋಡಿ ಮೋಸಹೋಗಬೇಡಿ, ಅದಕ್ಕೆ ಬೇಕಾದದ್ದು ವಿಭಾಗದ ಹೆಸರಲ್ಲ, ಸ್ಲಗ್ (ಜಾಲವಿಳಾಸದಲ್ಲಿ ಬರುವ ರೂಪ).

ಇದಕ್ಕಿಂತ ಕೆಟ್ಟದ್ದು ಖಾಲಿ ಅರೇ. ಓದುಗರು ಮೆಚ್ಚಿದ ಪುಸ್ತಕಗಳ ಐಡಿಗಳನ್ನು 'ಪೋಸ್ಟ್__ಇನ್' ಕೀಯಲ್ಲಿ ಕೊಟ್ಟಿದ್ದೀರಿ. ಒಬ್ಬ ಓದುಗ ಇನ್ನೂ ಯಾವುದನ್ನೂ ಮೆಚ್ಚಿಲ್ಲ, ಪಟ್ಟಿ ಖಾಲಿ. ಏನೂ ಬರಬಾರದು. ಆದರೆ ವರ್ಡ್‌ಪ್ರೆಸ್ ಖಾಲಿ ಅರೇಯನ್ನು 'ಶರತ್ತೇ ಇಲ್ಲ' ಎಂದು ಓದುತ್ತದೆ, ಇತ್ತೀಚಿನ ಪೋಸ್ಟುಗಳನ್ನೆಲ್ಲ ತಂದು ಸುರಿಯುತ್ತದೆ. ಪಟ್ಟಿ ಖಾಲಿಯಾದರೆ ಕ್ವೆರಿಯನ್ನೇ ಮಾಡಬೇಡಿ. ಮಾಡಲೇಬೇಕಾದರೆ ಖಾಲಿಯ ಬದಲು [ 0 ] ಕಳಿಸಿ, ಆ ಐಡಿಯ ಪೋಸ್ಟ್ ಇರುವುದಿಲ್ಲವಾದ್ದರಿಂದ ಫಲಿತಾಂಶ ಸೊನ್ನೆ. ಖಾಸಗಿ ಪಟ್ಟಿ ತೋರಿಸುವ ಪುಟಗಳಲ್ಲಿ ಈ ತಪಾಸಣೆ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಬಾಯಿ ಬಿಟ್ಟು ಹೇಳುವ ಒಂದು ಜಾಗ

ವರ್ಡ್‌ಪ್ರೆಸ್‌ನ ಕೆಲಸದ ನಡುವೆ ನಮ್ಮ ಫಂಕ್ಷನ್ ತಗುಲಿಸುವ ಹುಕ್‌ಗಳ ಕಡೆ ಬಂದರೆ ಚಿತ್ರ ಬೇರೆ. ಆಡ್_ಆಕ್ಷನ್, ಆಡ್_ಫಿಲ್ಟರ್ ಎರಡಕ್ಕೂ ನಾಲ್ಕನೆಯ ಆರ್ಗ್ಯುಮೆಂಟ್ ಇದೆ: ನಿಮ್ಮ ಫಂಕ್ಷನ್ನಿಗೆ ಎಷ್ಟು ಆರ್ಗ್ಯುಮೆಂಟ್ ಕಳಿಸಬೇಕು ಎಂಬ ಸಂಖ್ಯೆ. ಡೀಫಾಲ್ಟ್ 1. ಸೇವ್_ಪೋಸ್ಟ್ ಹುಕ್ ಮೂರು ಕೊಡಬಲ್ಲದು: ಪೋಸ್ಟಿನ ಐಡಿ, ಪೋಸ್ಟ್ ಆಬ್ಜೆಕ್ಟ್, ಇದು ಹೊಸದೋ ಹಳೆಯದರ ತಿದ್ದುಪಡಿಯೋ ಎಂಬ ಸೂಚನೆ. ಮೂರೂ ಬೇಕೆಂದು ಫಂಕ್ಷನ್ ಬರೆದು, ಹುಕ್ ಸೇರಿಸುವಾಗ 10 (ಸರದಿ), 3 (ಆರ್ಗ್ಯುಮೆಂಟ್‌ಗಳ ಸಂಖ್ಯೆ) ಎಂದು ಬರೆಯಲು ಮರೆತರೆ, ಪಿಎಚ್‌ಪಿ ಆರ್ಗ್ಯುಮೆಂಟ್ ಕೌಂಟ್ ಎರರ್ ಎಸೆದು ಅಲ್ಲೇ ನಿಲ್ಲುತ್ತದೆ. ಒಳ್ಳೆಯದೇ ಆಯಿತು, ತಪ್ಪು ಎಲ್ಲಿ ಎಂದು ಗೊತ್ತಾಯಿತು.

ಕೆಡುವುದು ಅದನ್ನು ಸರಿಪಡಿಸುವ ಆತುರದಲ್ಲಿ. ಎರರ್ ಹೋಗಲಿ ಎಂದು ಫಂಕ್ಷನ್ನಿನ ಪ್ಯಾರಾಮೀಟರ್‌ಗಳಿಗೆ $ಪೋಸ್ಟ್ = ನಲ್, $ಅಪ್‌ಡೇಟ್ = ಫಾಲ್ಸ್ ಎಂದು ಡೀಫಾಲ್ಟ್ ಹಾಕಿದರೆ ಎರರ್ ಖಂಡಿತ ಹೋಗುತ್ತದೆ. ಆದರೆ ಇನ್ನು ಮುಂದೆ ಪ್ರತಿ ತಿದ್ದುಪಡಿಯೂ ಹೊಸ ಪುಸ್ತಕವೆಂದೇ ಎಣಿಕೆಯಾಗುತ್ತದೆ. ಹೊಸ ಪುಸ್ತಕ ಬಂತೆಂದು ಚಂದಾದಾರರಿಗೆ ಮೇಲ್ ಕಳಿಸುವ ಕೋಡ್ ಇದ್ದರೆ, ಒಂದು ಕಾಗುಣಿತ ತಿದ್ದಿದಾಗಲೂ ಮೇಲ್ ಹೋಗುತ್ತದೆ. ಸಂಖ್ಯೆ ಸರಿಪಡಿಸಿ, ಡೀಫಾಲ್ಟ್ ಹಾಕಬೇಡಿ.

ಪಿಎಚ್‌ಪಿ 8ರಲ್ಲಿ ಹೆಸರು ಹೇಳಿ ಆರ್ಗ್ಯುಮೆಂಟ್ ಕೊಡುವ ಸೌಲಭ್ಯ ಬಂದಿದೆ. ಆ ನಲ್‌ಗಳ ಕಾಟ ತಪ್ಪಿಸಲು ಅದು ಹೇಳಿ ಮಾಡಿಸಿದಂತಿದ್ದರೂ ವರ್ಡ್‌ಪ್ರೆಸ್ ಫಂಕ್ಷನ್‌ಗಳಿಗೆ ಬಳಸಬೇಡಿ. ಪ್ಯಾರಾಮೀಟರ್ ಹೆಸರುಗಳು ಬದಲಾಗುವುದಿಲ್ಲ ಎಂಬ ಭರವಸೆಯನ್ನು ವರ್ಡ್‌ಪ್ರೆಸ್ ತಂಡ ಕೊಟ್ಟಿಲ್ಲ, 5.9ರಲ್ಲಿ ಕೆಲವನ್ನು ಬದಲಾಯಿಸಿಯೂ ಇದೆ.

ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿಗೆ ಮೌಲ್ಯ ದಾಟಿಸುವ ಡಬ್ಲ್ಯುಪಿ_ಲೋಕಲೈಜ್_ಸ್ಕ್ರಿಪ್ಟ್ ಮೇಲಿನ ಹಂತದ ಎಲ್ಲವನ್ನೂ ಸ್ಟ್ರಿಂಗ್ ಮಾಡುತ್ತದೆ. 180 ಹೋಗಿ "180" ಆಗುತ್ತದೆ, ಫಾಲ್ಸ್ ಖಾಲಿ ಸ್ಟ್ರಿಂಗ್ ಆಗುತ್ತದೆ. ಬೆಲೆಗಳನ್ನು ಕೂಡಿಸುವ ಕಡೆ 180 ಮತ್ತು 20 ಸೇರಿ 18020 ಆದರೆ ಕಾರಣ ಇದೇ. ಡಬ್ಲ್ಯುಪಿ_ಆಡ್_ಇನ್‌ಲೈನ್_ಸ್ಕ್ರಿಪ್ಟ್ ಜೊತೆ ಡಬ್ಲ್ಯುಪಿ_ಜೇಸನ್_ಎನ್‌ಕೋಡ್ ಬಳಸಿದರೆ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

ಜಾಲತಾಣ ಕಟ್ಟುವ ಇನ್ನೊಂದು ತಂತ್ರಾಂಶವಾದ ದ್ರುಪಾಲ್ ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ. ಅಲ್ಲಿ ಹುಕ್_ಥೀಮ್‌ನಲ್ಲಿ ಯಾವ ಯಾವ ವೇರಿಯಬಲ್ ಟೆಂಪ್ಲೇಟಿಗೆ ಬರುತ್ತವೆ, ಅವುಗಳ ಡೀಫಾಲ್ಟ್ ಏನು ಎಂದು ಮೊದಲೇ ಘೋಷಿಸಬೇಕು. ಘೋಷಿಸದ್ದು ಒಳಗೆ ತಲುಪುವುದೇ ಇಲ್ಲ. ಅದರ ಟೆಂಪ್ಲೇಟ್ ಭಾಷೆಯಾದ ಟ್ವಿಗ್‌ನಲ್ಲಿ ಇನ್‌ಕ್ಲೂಡ್ ಮಾಡುವಾಗ 'ಓನ್ಲಿ' ಎಂಬ ಒಂದು ಪದ ಸೇರಿಸಿದರೆ ಸುತ್ತಲಿನ ವೇರಿಯಬಲ್‌ಗಳು ಯಾವುವೂ ಒಳಗೆ ನುಸುಳುವುದಿಲ್ಲ. ಬರೆಯಲು ಹೆಚ್ಚು ಸಾಲು ಬೇಕು. ಆದರೆ ಹತ್ತು ಜನ ಮುಟ್ಟುವ ಕೋಡಿನಲ್ಲಿ ಆ ಶಿಸ್ತು ಬೆಲೆಬಾಳುತ್ತದೆ, ಇದನ್ನು ವರ್ಡ್‌ಪ್ರೆಸ್ ಮೆಚ್ಚುವವರೂ ಒಪ್ಪಬೇಕು.

ವೇರಿಯಬಲ್ಲಿಗೆ ವಿಭಕ್ತಿ ಹಚ್ಚುವುದು ಹೇಗೆ

ಕನ್ನಡ ತಾಣ ಕಟ್ಟುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅನುವಾದದ ವಾಕ್ಯದೊಳಗೆ ವೇರಿಯಬಲ್ ಕೂರಿಸುವ ವಿಧಾನ. ವರ್ಡ್‌ಪ್ರೆಸ್‌ನ ಅನುವಾದ ಫಂಕ್ಷನ್ನಿನೊಳಗೆ ನೇರವಾಗಿ ವೇರಿಯಬಲ್ ಬರೆಯಬಾರದು. ಅನುವಾದದ ಪಟ್ಟಿ ತಯಾರಿಸುವ ಉಪಕರಣ ಕೋಡನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೇ. ವೇರಿಯಬಲ್ಲಿನ ಮೌಲ್ಯ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಸ್ಥಳಸೂಚಕ ಇಟ್ಟು, ಅನುವಾದವಾಗಿ ಬಂದ ವಾಕ್ಯವನ್ನು ಆ ಜಾಗಕ್ಕೆ ಮೌಲ್ಯ ತುಂಬುವ ಸ್ಪ್ರಿಂಟ್‌ಎಫ್ ಫಂಕ್ಷನ್ನಿಗೆ ಕೊಡಬೇಕು.

ಎರಡು ಸ್ಥಳಸೂಚಕ ಇದ್ದರೆ %1$ಎಸ್, %2$ಎಸ್ ಎಂದು ಸಂಖ್ಯೆ ಹಾಕುವುದು ಕನ್ನಡಕ್ಕೆ ಕಡ್ಡಾಯ. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬಂದು ಬರೆದವರು ಆಮೇಲೆ ಬರುತ್ತಾರೆ. ನಮ್ಮಲ್ಲಿ '%2$ಎಸ್ ಅವರು ಬರೆದ %1$ಎಸ್' ಎಂದರೇ ಸಹಜ. ಸಂಖ್ಯೆ ಇಲ್ಲದಿದ್ದರೆ ಅನುವಾದಕರಿಗೆ ಕ್ರಮ ಬದಲಿಸುವ ದಾರಿಯೇ ಇರುವುದಿಲ್ಲ. ಹೀಗೆ ಬರೆಯುವಾಗ ಒಂಟಿ ಉದ್ಧರಣ ಚಿಹ್ನೆಯನ್ನೇ ಬಳಸಿ. ಜೋಡಿ ಚಿಹ್ನೆಯೊಳಗೆ ಪಿಎಚ್‌ಪಿ $ಎಸ್ ಎಂಬುದನ್ನು ವೇರಿಯಬಲ್ ಎಂದು ಓದುತ್ತದೆ. ಟೆಂಪ್ಲೇಟಿನೊಳಗೆ ಆ ಹೆಸರಿನ ವೇರಿಯಬಲ್ ನಿಜಕ್ಕೂ ಇರುತ್ತದೆ, ಮೇಲೆ ಹೇಳಿದ ಎಕ್ಸ್‌ಟ್ರಾಕ್ಟ್ ತಂದಿಟ್ಟದ್ದು: ಹುಡುಕಾಟದ ಪದ. ಸ್ಥಳಸೂಚಕದ ಜಾಗಕ್ಕೆ ಓದುಗರು ಹುಡುಕಿದ ಪದ ಬಂದು ಕೂರುತ್ತದೆ, ಇಲ್ಲವೇ %1 ಎಂದಷ್ಟೇ ಉಳಿದು ಪಿಎಚ್‌ಪಿ 8ರಲ್ಲಿ ವ್ಯಾಲ್ಯೂ ಎರರ್ ಬರುತ್ತದೆ.

ಸ್ಪ್ರಿಂಟ್‌ಎಫ್ ಅಳೆಯುವುದು ಬೈಟುಗಳಲ್ಲಿ ಎಂಬುದೂ ನೆನಪಿರಲಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಶೀರ್ಷಿಕೆ ಉದ್ದವಾಗದಿರಲಿ ಎಂದು %.20ಎಸ್ ಬರೆದರೆ 6 ಚಿಹ್ನೆ ಮುಗಿದು 7ನೆಯದರ 2 ಬೈಟ್ ಆದ ಮೇಲೆ ಕತ್ತರಿ ಬೀಳುತ್ತದೆ. ಆ ಮುರುಕು ಸ್ಟ್ರಿಂಗನ್ನು ಎಸ್ಕ್_ಎಚ್‌ಟಿಎಂಎಲ್‌ಗೆ ಕೊಟ್ಟರೆ ಅದು ಅಸಿಂಧು ಎಂದು ಪೂರ್ತಿ ಖಾಲಿ ಮಾಡಿ ಕೊಡುತ್ತದೆ. ಇಂಗ್ಲಿಷ್ ಶೀರ್ಷಿಕೆಗಳೆಲ್ಲ ಕಾಣುತ್ತವೆ, ಕನ್ನಡದವು ಮಾತ್ರ ಕಾಣುವುದಿಲ್ಲ! ಕತ್ತರಿಸಲು ಎಂಬಿ_ಸಬ್‌ಸ್ಟರ್ ಇರಲಿ. ಅದೂ ಒತ್ತಕ್ಷರದ ನಡುವೆ ಕತ್ತರಿಸಬಹುದು. ಪದ ಎಣಿಸಿ ಕತ್ತರಿಸುವುದು ಎಲ್ಲಕ್ಕಿಂತ ಚೆಂದ.

ಇನ್ನು ವಿಭಕ್ತಿ. 'ಇಂಥ ಊರಿನಲ್ಲಿ ಸಿಗುವ ಪುಸ್ತಕಗಳು' ಎಂಬುದಕ್ಕೆ '%ಎಸ್‌ನಲ್ಲಿ' ಎಂದು ಅನುವಾದಿಸಿದರೆ 'ಮೈಸೂರುನಲ್ಲಿ', 'ಹಾಸನನಲ್ಲಿ', 'ಉಡುಪಿನಲ್ಲಿ' ಎಂದು ಬರುತ್ತದೆ. ಬೇಕಾದದ್ದು ಮೈಸೂರಿನಲ್ಲಿ, ಹಾಸನದಲ್ಲಿ, ಉಡುಪಿಯಲ್ಲಿ. ವೇರಿಯಬಲ್ಲಿನ ಕೊನೆಯ ಅಕ್ಷರ ನೋಡಿ ಪ್ರತ್ಯಯ ಬದಲಿಸುವ ಸೌಲಭ್ಯ ವರ್ಡ್‌ಪ್ರೆಸ್ ಬಳಸುವ ಗೆಟ್‌ಟೆಕ್ಸ್ಟ್ ಅನುವಾದ ವ್ಯವಸ್ಥೆಯಲ್ಲಿ ಇಲ್ಲ. ಹಾಗಾಗಿ ಪ್ರತ್ಯಯ ಹೊರುವ ಪದವೊಂದನ್ನು ವೇರಿಯಬಲ್ಲಿನ ಪಕ್ಕದಲ್ಲಿ ನಿಲ್ಲಿಸಿ: '%ಎಸ್ ನಗರದಲ್ಲಿ', '%ಎಸ್ ಜಿಲ್ಲೆಯಲ್ಲಿ', '%ಎಸ್ ಎಂಬ ಪುಸ್ತಕಕ್ಕೆ'. ವ್ಯಕ್ತಿಗಳಿಗಂತೂ 'ಅವರು' ಎಂಬ ಪದ ಗೌರವವನ್ನೂ ವಿಭಕ್ತಿಯನ್ನೂ ಒಟ್ಟಿಗೆ ಹೊರುತ್ತದೆ: '%ಎಸ್ ಅವರ ಪುಸ್ತಕಗಳು', '%ಎಸ್ ಅವರಿಗೆ ಬರೆಯಿರಿ'. ಜಾಗ ಕಡಿಮೆ ಇದ್ದರೆ 'ಊರು: %ಎಸ್' ಸಾಕು.

ಇದೆಲ್ಲ ಅನುವಾದಕರ ಕೈಯಲ್ಲಿ ಸರಿಯಾಗಿ ಆಗಬೇಕಾದರೆ %ಎಸ್ ಜಾಗಕ್ಕೆ ಊರು ಬರುತ್ತದೋ ಮನುಷ್ಯರು ಬರುತ್ತಾರೋ ಅವರಿಗೆ ತಿಳಿಯಬೇಕು. ಅದಕ್ಕೆ ಕೋಡ್ ಬರೆಯುವವರು 'ಟ್ರಾನ್ಸ್‌ಲೇಟರ್ಸ್:' ಎಂದು ಶುರುವಾಗುವ ಕಾಮೆಂಟ್ ಹಾಕಬೇಕು: '1: ಪುಸ್ತಕದ ಹೆಸರು, 2: ಲೇಖಕರ ಹೆಸರು'. ಅದು ಅನುವಾದ ಫಂಕ್ಷನ್ ಇರುವ ಸಾಲಿನ ನೇರ ಮೇಲಿನ ಸಾಲಿನಲ್ಲೇ ಇರಬೇಕು. ಸ್ಪ್ರಿಂಟ್‌ಎಫ್ ಒಂದು ಸಾಲಿನಲ್ಲಿ, ಅನುವಾದ ಫಂಕ್ಷನ್ ಅದರ ಕೆಳಗಿನ ಸಾಲಿನಲ್ಲಿ ಇದ್ದರೆ, ಕಾಮೆಂಟಿನ ಜಾಗ ಸ್ಪ್ರಿಂಟ್‌ಎಫ್‌ನ ಮೇಲೆ ಅಲ್ಲ, ಅವೆರಡರ ನಡುವೆ.